ಕೋಳಿಮರಿಯ ಮಡಿ

ಸುಮ್ಮನಿರುವುದೂ ಒಂದು ವಿದ್ಯೆ. ಅದು ನನಗೆ ಬರುವುದಿಲ್ಲ. ಇಪ್ಪತ್ತೇಳು ವರ್ಷದಿಂದ ಚೆನ್ನೈಯ ಪ್ಯಾರೀಸ್ ಕಾರ್ನರ್‌ನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಊಟದ ಹಾಲ್ ನೋಡಿಕೊಳ್ಳುವವನು ನಾನು. ಗಿರಾಕಿ ಕುರ್ಚಿ ಎಳೆಯುವ ಮೊದಲೇ ನೀರು ಇಡಿಸಬೇಕು, ಅವನ ಕೊನೆಯ ತುತ್ತು ಬಾಯಿಗೆ ಹೋಗುವಾಗಲೇ ಎಲೆಯ ಮೇಲೆ ಕಣ್ಣಿಡಬೇಕು. ಯಾರನ್ನೂ ಕಾಯಿಸಬಾರದು ಎನ್ನುವುದೇ ನಮ್ಮ ವೇದ. ಹಾಗಾಗಿ ತನ್ನಷ್ಟಕ್ಕೆ ಆಗುತ್ತಿರುವ ಕೆಲಸವನ್ನು ಕಂಡರೆ ನನ್ನ ಕೈ ತುರಿಸುತ್ತದೆ. ಹದವಾಗಿ ಕುದಿಯುವ ಸಾರಿಗೆ ಸೌಟು ಹಾಕುತ್ತೇನೆ, ನಿದ್ದೆ ಹತ್ತಿದವರ ಹೊದಿಕೆ ಸರಿಮಾಡಲು ಹೋಗಿ ಎಬ್ಬಿಸುತ್ತೇನೆ. ಇದಕ್ಕೆ ಜನ ಪರೋಪಕಾರ ಎಂದು ಹೆಸರಿಟ್ಟಿದ್ದಾರೆ. ನಾನೂ ಬೇಡ ಎಂದಿಲ್ಲ.

ನಾವಿರುವುದು ಅಲ್ಲೇ ಹತ್ತಿರದ ರಾಯಪುರಂನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯೊಡತಿ ಕನ್ನಿಯಮ್ಮ. ನಸುಕಿನಲ್ಲೇ ಕಾಸಿಮೇಡಿನ ಮೀನು ಬಂದರಿಗೆ ಹೋಗಿ ಹರಾಜಿನ ಮೀನು ತಂದು ಮಾರುವಾಕೆ. ಕರಾವಳಿಯವರಾದ ನಮಗೆ ವಾಸನೆಯೇನೂ ಹೊಸದಲ್ಲ. ನನ್ನ ಹೆಂಡತಿ ಶಾರದೆಯ ಮಡಿ ಮಾತ್ರ ನಮ್ಮ ಬಾಗಿಲ ಮುಂದಿನ ಹನ್ನೆರಡನೆಯ ಮೆಟ್ಟಿಲಿನಿಂದ ಶುರುವಾಗುತ್ತದೆ. ಆ ಮೆಟ್ಟಿಲುಗಳ ಕೆಳಗೆಯೇ ಕನ್ನಿಯಮ್ಮನ ಕೋಳಿ ಕಾವಿಗೆ ಕೂತಿತ್ತು. ಒಂದು ಭಾನುವಾರ, ಹೋಟೆಲಿಗೆ ರಜೆಯ ದಿನ, ಅದು ಹುಟ್ಟಿದ ಐದು ಮರಿಗಳನ್ನು ಕರೆದುಕೊಂಡು ಎದ್ದೇ ಹೋಯಿತು. ಆರನೆಯ ಮೊಟ್ಟೆ ಬುಟ್ಟಿಯಲ್ಲೇ ಉಳಿಯಿತು. ಅದರಲ್ಲಿ ಕಡಲೆಬೇಳೆಯಷ್ಟು ತೂತು, ತೂತಿನಲ್ಲೊಂದು ಕೊಕ್ಕು, ಸಣ್ಣಗೆ ಕೀಚು ಸದ್ದು. ಏಳನೇ ಕ್ಲಾಸಿನ ನನ್ನ ಮಗಳು ನಿಧಿ ಬುಟ್ಟಿಯ ಪಕ್ಕ ಕೂತು, "ಉಯಿರೋಡ ಇರುಕ್ಕುಪ್ಪಾ" ಎಂದಳು, ಜೀವ ಇದೆ ಎಂದು. ಕನ್ನಿಯಮ್ಮ ಬಗ್ಗಿ ನೋಡಿ, "ತೊಡಾದೀಂಗ ಸಾರ್, ಅದುವಾ ವರಣುಂ" ಎಂದಳು. ಮುಟ್ಟಬೇಡಿ, ಅದಾಗಿಯೇ ಬರಬೇಕು. ಮೀನಿನ ಬುಟ್ಟಿ ಹೊತ್ತು ಹೊರಟೂ ಹೋದಳು.

ಮಧ್ಯಾಹ್ನದವರೆಗೆ ಕಾದೆ. ನನ್ನ ಮಟ್ಟಿಗೆ ಅದು ತಪಸ್ಸೇ. ಕೊಕ್ಕು ಕುಕ್ಕುತ್ತದೆ, ನಿಲ್ಲುತ್ತದೆ, ಮತ್ತೆ ಅರ್ಧ ಗಂಟೆ ಸದ್ದಿಲ್ಲ. ನಮ್ಮ ಹಾಲ್‌ನಲ್ಲಿ ಸಪ್ಲೈಯರ್ ಯಾರಾದರೂ ಹೀಗೆ ಕೆಲಸ ಮಾಡಿದ್ದರೆ ಅಂದೇ ಊರಿಗೆ ಬಸ್ಸು ಹತ್ತಿಸುತ್ತಿದ್ದೆ. ಕೊನೆಗೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಊಟದ ಹೊತ್ತಿಗೆ ಆಡುವುದಿಲ್ಲ. ಐವತ್ತೆರಡು ವರ್ಷದಲ್ಲಿ ನಾನು ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನೂ ಸುಲಿದವನಲ್ಲ. ಸುಲಿದ ಮೊದಲನೆಯದರಲ್ಲೇ ಒಳಗೊಬ್ಬರಿದ್ದರು. ಎರಡು ಚೂರು ತೆಗೆದಿದ್ದೆ, ಬಿಳಿಯ ಪೊರೆಯ ಮೇಲೆ ನೂಲಿನಂತೆ ರಕ್ತ ಹರಿಯಿತು. ನಿಧಿ ನನ್ನ ಕೈ ಹಿಡಿದು ಪಕ್ಕಕ್ಕೆ ತಳ್ಳಿದಳು. ಫೋನು ನೋಡಿ, ಒದ್ದೆ ಬಟ್ಟೆ ಸುತ್ತಿ ಬೆಚ್ಚಗಿಟ್ಟು ಕಾಯಬೇಕಂತೆ ಎಂದಳು. ಬೆಚ್ಚಗಿಡುವುದು, ಒದ್ದೆ ಬಟ್ಟೆ ಮುಚ್ಚುವುದು ಇಡ್ಲಿ ಹಿಟ್ಟಿನಿಂದ ನನಗೆ ಗೊತ್ತಿದ್ದದ್ದೇ. ಕಾಯುವುದನ್ನು ಅವಳೇ ವಹಿಸಿಕೊಂಡಳು. ಸಂಜೆ ಐದಕ್ಕೆ ಮರಿ ತಾನೇ ಚಿಪ್ಪು ಒದ್ದು ಹೊರಬಂತು.

ಬಂದದ್ದು ಮರಿಯೋ, ಹಿಂಡಿ ಬಿಸಾಡಿದ ಚಿಂದಿಯೋ ತಿಳಿಯುವಂತಿರಲಿಲ್ಲ. ಕಾಲುಗಳು ಎಡಕ್ಕೊಂದು ಬಲಕ್ಕೊಂದು ಜಾರುತ್ತಿದ್ದವು. ತಾಯಿಯ ಬಳಿ ಬಿಟ್ಟರೆ ಅದು ತಲೆಗೇ ಕುಕ್ಕಿತು. ಕನ್ನಿಯಮ್ಮ ನೋಡಿ, "ತೇರಾದು" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು, ಇದು ಉಳಿಯುವುದಿಲ್ಲ ಎಂದು. ನಿಧಿ ಒಪ್ಪಲಿಲ್ಲ. ಹನ್ನೆರಡನೆಯ ಮೆಟ್ಟಿಲ ಹೊರಗೆ ರಟ್ಟಿನ ಪೆಟ್ಟಿಗೆ ಇಟ್ಟು, ಹಳೆಯ ಹಳದಿ ಬಲ್ಬು ತೂಗುಹಾಕಿದಳು. ಗಾಯದ ಪಟ್ಟಿ ಕತ್ತರಿಸಿ ಮರಿಯ ಎರಡು ಕಾಲನ್ನು ಹತ್ತಿರ ತಂದು ಕಟ್ಟಿದಳು. ಅಕ್ಕಿನುಚ್ಚನ್ನು ಬೆರಳಿನಿಂದ ಕುಟ್ಟಿ ತೋರಿಸಿ ತಿನ್ನಲು ಕಲಿಸಿದಳು. ಮೂರನೆಯ ದಿನ ಮರಿ ಎದ್ದು ನಿಂತಿತು. ನಾನು ಹೋಟೆಲಿನಲ್ಲಿ ಎಲ್ಲರಿಗೂ, "ನಾವೊಂದು ಮರಿ ಬದುಕಿಸಿದೆವು" ಎಂದು ಹೇಳಿಕೊಂಡು ತಿರುಗಿದೆ.

ಗುರುವಾರ ಗಾಳಿಮಳೆ ಶುರುವಾಯಿತು. ಶಾಲೆಗೆ ಹೊರಡುವಾಗ ನಿಧಿ, ಮರಿ ನೆನೆಯದಂತೆ ನೋಡಿಕೊಳ್ಳಿ ಎಂದು ಎರಡು ಸಲ ಹೇಳಿ ಹೋದಳು. ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ಸಂಜೆಯ ಪಾಳಿಗೆ ಮುಂಚೆ ಮನೆಗೆ ಬಂದಾಗ ಮಳೆಯ ಎರಚಲು ಪೆಟ್ಟಿಗೆಯವರೆಗೆ ಬಂದಿತ್ತು. ಮರಿಯನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ.

"ಅದನ್ನು ಹಾಗೇ ಒಳಗೆ ತರುದಾ?" ಎಂದಳು ಶಾರದೆ.

"ಹೊರಗೆ ಮಳೆ ಮಾರಾಯ್ತಿ."

"ಬೇಡ ಅಂತ ಹೇಳ್ಲಿಲ್ಲ. ಮೊದ್ಲು ಮೀಸಿ, ಮತ್ತೆ ತನ್ನಿ."

ನಮ್ಮಲ್ಲಿ ಹೊರಗಿನಿಂದ ಬಂದ ಯಾವುದಕ್ಕೂ ಇದೇ ಪರಿಹಾರ. ತರಕಾರಿಗೆ, ತೆಂಗಿನಕಾಯಿಗೆ, ಮಸಣಕ್ಕೆ ಹೋಗಿಬಂದ ನನಗೆ, ಎಲ್ಲಕ್ಕೂ ಸ್ನಾನ. ನೀರು ಬೆಚ್ಚಗಿದ್ದರೆ ನೆನೆದಂತಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡೆ. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು, ಚಿಟಿಕೆ ಅರಿಶಿನ. ಮಗಳನ್ನು ಮೀಸಿದ ಕೈಯಿಂದಲೇ ಮರಿಯನ್ನೂ ಮೀಸಿದೆ. ಟವೆಲಿನಿಂದ ಒರೆಸಿದೆ. ಅದು ಹುಟ್ಟಿದ ದಿನದ ಗಾತ್ರಕ್ಕೆ ಇಳಿದು ಗಡಗಡ ನಡುಗತೊಡಗಿತು. ಬಲ್ಬು ಹಾಕಲು ಹೋದರೆ ಕರೆಂಟು ಇಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಗೆ ಒತ್ತಿಕೊಂಡು ಕೂತೆ. ಜನಿವಾರಕ್ಕೆ ಕಾಲು ಸಿಕ್ಕಿಸಿಕೊಂಡು ಅದು ಸ್ವಲ್ಪ ಹೊತ್ತು ಕೀಚು ಕೀಚು ಎಂದಿತು. ಆಮೇಲೆ ಅನ್ನಲಿಲ್ಲ. ನಾನು ಆಗಲೂ ಸುಮ್ಮನಿರದೆ ಇನ್ನಷ್ಟು ಹೊತ್ತು ಉಜ್ಜುತ್ತಲೇ ಇದ್ದೆ.

"ಮೀಸಿ ಅಂತ ನಾ ಹೇಳಿದ್ದು ಹೌದು. ನಿಮ್ಗೆ ಬುದ್ಧಿ ಬೇಡ್ವಾ?" ಎಂದಳು ಶಾರದೆ, ಮುಖ ಆಚೆ ಮಾಡಿ. ಅವಳು ಚೊಂಬು ತಿಕ್ಕಿಟ್ಟಳು, ನಾನು ಟವೆಲು ಒಣಗಹಾಕಿದೆ. ನಾಲ್ಕೂವರೆಗೆ ನಿಧಿ ಬಂದಳು. "ಮೊದಲಿಂದಲೂ ನಿಶ್ಶಕ್ತಿ ಇತ್ತಲ್ಲ ಮಗಾ" ಎಂದೆ. ಎದೆಗೆ ಒತ್ತಿಕೊಂಡು ಕೂತದ್ದನ್ನು ಹೇಳಿದೆ, ಮೀಸಿದ್ದನ್ನು ಹೇಳಲಿಲ್ಲ. ಅವಳು ಅತ್ತಳು. ಮಲ್ಲಿಗೆ ಬಳ್ಳಿಯ ಬುಡದಲ್ಲಿ ಹೂತು ಬಂದ ಮೇಲೆ, ನೀವು ಎಷ್ಟು ಕಷ್ಟಪಟ್ಟಿರಿ ಅಪ್ಪ ಎಂದು ನನ್ನ ಬೆನ್ನು ತಡವಿದಳು. ಆ ಕೈಯನ್ನು ತೆಗೆ ಎನ್ನಲೂ ನನಗೆ ಧೈರ್ಯವಿರಲಿಲ್ಲ. ಕನ್ನಿಯಮ್ಮನಂತೂ ಈಗಲೂ ಬೀದಿಯವರ ಮುಂದೆ, ಮೇಲಿನ ಮನೆಯ ಸಾರ್ ಮೊಟ್ಟೆ ತಿನ್ನದಿದ್ದರೂ ಕೋಳಿಮರಿಗೆ ತಾಯಿಯಾದರು ಎಂದು ಹೊಗಳುತ್ತಾಳೆ. ಅದನ್ನೂ ನಾನು ಬೇಡ ಎಂದಿಲ್ಲ.

ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ ಇದನ್ನು ಬರೆಯುತ್ತ ಕೂತಿದ್ದೆ. ನಿಧಿ ಪಕ್ಕಕ್ಕೆ ಬಂದು, "ಎನ್ನಪ್ಪಾ ಎಳುದ್ರೀಂಗ? ಎನಕ್ಕುಂ ಕನ್ನಡ ಎಳುತ್ತು ಸೊಲ್ಲಿ ಕುಡುಂಗ" ಎಂದಳು. ಏನು ಬರೆಯುತ್ತಿದ್ದೀರಿ, ನನಗೂ ಕನ್ನಡ ಅಕ್ಷರ ಕಲಿಸಿ ಎಂದು. ಇದೇ ಅಕ್ಷರಕ್ಕಾಗಿ ಅವಳನ್ನು ಏಳು ವರ್ಷ ಗೋಗರೆದಿದ್ದೇನೆ, ಗದರಿದ್ದೇನೆ, ಊರಿಗೆ ಹೋದಾಗಲೆಲ್ಲ ಕಾಪಿ ಪುಸ್ತಕ ತಂದು ರಾಶಿ ಹಾಕಿದ್ದೇನೆ. ಹಾಳೆಯನ್ನು ಮಗುಚಿಟ್ಟು, "ಬೇಸಿಗೆ ರಜೆ ಬರ್ಲಿ ಮಗಾ, ನೋಡುವ" ಎಂದೆ.