ಎರಡೇಟಿನ ಕಾನೂನು

ಮಾಸ್ತರನ ಮಗಳಾಗಿ ಹುಟ್ಟುವುದೇ ಒಂದು ಶಿಕ್ಷೆ. ಅಪ್ಪನ ತರಗತಿಯಲ್ಲೇ ಕೂಡುವುದು ಗಾಯದ ಮೇಲೆ ಬರೆ. ಅನುಭವದಿಂದಲೇ ಹೇಳುತ್ತಿದ್ದೇನೆ, ಅನುಭವ ಮಾತ್ರ ನನ್ನದಲ್ಲ, ಮಗಳು ಗಿರಿಜಾಳದು. ಎಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ನಾನು ಮಸ್ಕಿಯಲ್ಲಿ ಮೂರನೇ ತರಗತಿಯ ಮಾಸ್ತರ. ತಪ್ಪು ಮಾಡಿದ ಮಕ್ಕಳಿಗೆ ಒಂದೇಟು, ಮಾಸ್ತರರ ಮಕ್ಕಳಿಗೆ ಎರಡು. ಇದು ಯಾರೂ ಬರೆದಿಡದೆ ಎಲ್ಲರೂ ಪಾಲಿಸುತ್ತಿದ್ದ ಕಾನೂನು. ಸ್ವಂತ ಮಗಳೆಂದು ಬಿಟ್ಟ ಎಂಬ ಮಾತು ಬರಬಾರದಲ್ಲ! ನನ್ನ ನ್ಯಾಯಬುದ್ಧಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು.

ಗಿರಿಜಾ ಕೂತಲ್ಲಿ ಕೂಡುತ್ತಿರಲಿಲ್ಲ. ಮೂರರ ಮಗ್ಗಿ ಶುರುಮಾಡಿ, ಮೂರು ನಾಲ್ಕಲೆಗೆ ಬರುವಷ್ಟರಲ್ಲಿ ಹೊರಗೆ ಹೋಗುವ ಬಸ್ಸಿನ ಬೋರ್ಡು ಓದಲು ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. ದಿನಕ್ಕೊಂದು ಬಳಪ ಕಳೆಯುತ್ತಿದ್ದಳು. ನಾನು ಬೆತ್ತಕ್ಕೆ ಕೈ ಹಾಕಿದರೆ ಅವಳ ಕೈಗಳು ಬೆನ್ನ ಹಿಂದೆ ಹೋಗುತ್ತಿದ್ದವು. ನನ್ನವ್ವ ದರ್ಗಾಕ್ಕೆ ಹೋಗಿ ತಾಯತ ತಂದು ಕಟ್ಟಿದಳು. ನಾಲ್ಕನೇ ದಿನ ತಾಯತವೂ ಕಳೆಯಿತು. ಹೆಣ್ಣುಮಗು, ಮನೆಗೆಲಸ ಕಲಿಯಲಿ, ಶಾಲೆ ಬಿಡಿಸಿ ಎಂದರು ಹೆಡ್‌ಮಾಸ್ತರರು. ಆ ಮಾತಿಗೆ ನನ್ನ ಎದೆ ಒಡೆಯಿತು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವನ ಮಗಳು ಶಾಲೆ ಬಿಡುವುದೆ? ಆ ಹೆದರಿಕೆಯಲ್ಲಿ ಎರಡೇಟನ್ನು ಮೂರು ಮಾಡಿದೆ. ಬೇರೆ ಔಷಧ ನನಗೆ ಗೊತ್ತಿರಲಿಲ್ಲ.

ಕೊನೆಗೆ ಹೆಂಡತಿಯ ಕಾಟಕ್ಕೆ ಲಿಂಗಸುಗೂರಿನ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದೆ. ಹಟ ಇಳಿಯುವಂಥ ಟಾನಿಕ್ ಇದ್ದರೆ ಬರೆದುಕೊಡಿ ಎಂದೆ. ಅವರು ಅವಳೊಡನೆ ಬಹಳ ಹೊತ್ತು ಮಾತಾಡಿದರು, ನನ್ನನ್ನೂ ಏನೇನೋ ಕೇಳಿದರು.

"ಮಾಸ್ತರ್ರೀ, ಹುಡುಗಿ ಹಟ ಮಾಡಾಕತ್ತಿಲ್ರಿ. ಆಕಿಗೆ ಕೂಡಬೇಕಂತ ಐತಿ, ಮನಸು ಕೂಡಗೊಡವಲ್ದು. ಮದ್ಲು ನೀವು ಬೆತ್ತ ಬಿಡ್ರಿ."

ಇದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೂ ಇದೆಯಂತೆ. ಮುಂದಿನ ಸಾಲಿನಲ್ಲಿ ಕೂಡಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ನಡುನಡುವೆ ಎದ್ದು ಓಡಾಡಲು ಬಿಡಿ, ಮಾಡಿದ್ದಕ್ಕೆ ಶಾಭಾಸ್ ಅನ್ನಿ ಎಂದು ಇನ್ನೂ ಏನೇನೋ ಸೇರಿಸಿ ಚೀಟಿ ಬರೆದುಕೊಟ್ಟರು. ಜ್ವರದಂತೆ ಇಳಿದುಹೋಗುವುದಲ್ಲ, ಜೊತೆಗಿದ್ದು ನಿಭಾಯಿಸಬೇಕು ಎಂದರು. ಆ ವರ್ಷವಿಡೀ ಕೊಟ್ಟ ಏಟುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಕೇಳಬೇಕೆನಿಸಿತು, ಕೇಳದೆ ಚೀಟಿ ಮಡಚಿಕೊಂಡು ಎದ್ದೆ. ಬಸ್ಸಿನಲ್ಲಿ ಮಗಳು ಕಾಣದಂತೆ ಮುಖ ತಿರುಗಿಸಿ ಅತ್ತೆ.

ಮನೆಗೆ ಬಂದಾಗ ಹೆಂಡತಿ ಚೀಟಿ ಕೇಳಿದಳು. ಜೇಬಿನಲ್ಲಿರಲಿಲ್ಲ. ಛತ್ರಿಯೊಳಗೆ ಸಿಕ್ಕಿಸಿದ್ದೆನೇನೋ ಎಂದು ನೋಡಿದರೆ ಛತ್ರಿಯೇ ಬಸ್ಸಿನಲ್ಲಿ ಉಳಿದಿತ್ತು. ಇಂಗ್ಲಿಷ್ ಹೆಸರಾದರೂ ಹೇಳೋಣವೆಂದರೆ ಅದೂ ಮರೆತಿತ್ತು. ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪಾ, ನೀ ಕಳಕೊಂಡ್ರ ನಿನಗ ಯಾರು ಹೊಡೀತಾರ?"

ಅವಳು ಅಣಕಿಸಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು. ಉತ್ತರ ಹುಡುಕುವ ಮೊದಲೇ ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗಿದ್ದವು.