ಪಾಠ ಕಲಿತ ಕಡಲ ಮೊಲ

ರಾಯರು ಎರಡು ಬಕೆಟ್ಟು ತಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಎರಡನೆಯದು ಮಹಡಿಯ ಮೇಲಿತ್ತು, ರಾಯರ ಮೊಣಕಾಲು ನೋಯುತ್ತಿತ್ತು. ತೊಟ್ಟಿಗಳನ್ನು ತೊಳೆಯುವ ಮೊದಲು ಎಡಗಡೆಯ ಕಡಲ ಮೊಲವನ್ನೂ ಬಲಗಡೆಯ ಕಡಲ ಮೊಲವನ್ನೂ ಒಂದೇ ಬಕೆಟ್ಟಿಗೆ ಬಿಟ್ಟು, ಯಾವುದು ಯಾವುದೆಂದು ಮನಸ್ಸಿನಲ್ಲೇ ಜಪ ಮಾಡತೊಡಗಿದರು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಇವತ್ತಾದ್ರೂ ಮೇಡಂ ಹತ್ರ ಬಾಯಿ ಬಿಡ್ತೀರೋ ಇಲ್ವೋ?"

"ಬಿಡ್ತೀನಿ ಕಣೇ."

"ಸ್ಟೋರಿನ ಆ ಕುರ್ಚಿ ಖಾಲಿ ಬಿದ್ದಿದೆ. ಬೇರೆಯವರು ಹೋಗಿ ಕೂತ್ಮೇಲೆ ಕೈ ಕೈ ಹಿಸುಕಿಕೊಳ್ಬೇಡಿ. ಮರೀಬೇಡಿ!"

ಫೋನು ಜೇಬಿಗೆ ಹಾಕಿ ಬಕೆಟ್ಟಿನಲ್ಲಿ ಇಣುಕಿದರು. ಬೇಯಿಸಿದ ಆಲೂಗಡ್ಡೆಗಳಂಥ ಎರಡು ಮುದ್ದೆಗಳು. ಯಾವುದು ಎಡಗಡೆಯದು?

ಕಡಲ ಮೊಲ ಹೆಸರಿಗಷ್ಟೇ ಮೊಲ. ಅದು ಬಸವನ ಹುಳುವಿನ ದಾಯಾದಿ. ಅಷ್ಟಿಷ್ಟು ಉಳಿದ ಚಿಪ್ಪನ್ನೂ ಮೈಯೊಳಗೇ ಬಚ್ಚಿಟ್ಟುಕೊಂಡು ಕಡಲ ಪಾಚಿ ಮೇಯುತ್ತ ತೆವಳುತ್ತದೆ. ತಲೆಯ ಮೇಲೆ ಕಿವಿಯಂತೆ ನಿಂತ ಕೋಡುಗಳು ಕೇಳುವುದಕ್ಕಲ್ಲ, ವಾಸನೆ ಹಿಡಿಯುವುದಕ್ಕೆ. ತಮ್ಮ ಕಿವಿಗಳೂ ಕೇಳುವುದಕ್ಕಲ್ಲವೆಂದು ಹೆಂಡತಿ ಹೇಳುವುದರಿಂದ ರಾಯರಿಗೆ ಈ ಪ್ರಾಣಿಯ ಮೇಲೆ ಒಳಗೊಳಗೇ ಮಮತೆಯಿತ್ತು.

ರಾಯರಿದ್ದ ಪ್ರಯೋಗಾಲಯದಲ್ಲಿ ಮೇಡಂ ಕಡಲ ಮೊಲಗಳ ನೆನಪಿನ ಶಕ್ತಿಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಅಂಥಲ್ಲಿ ನೀರು ಬದಲಾಯಿಸುವ ಕೆಲಸ ಸಿಕ್ಕಿದ್ದು, ಛತ್ರಿ ಹಿಡಿದುಕೊಂಡೇ ಛತ್ರಿ ಹುಡುಕುವ ರಾಯರಿಗೆ. ಸಹೋದ್ಯೋಗಿಗಳು ಅವರನ್ನು 'ಮರೆಗುಳಿ ರಾಯರು' ಎನ್ನುತ್ತಿದ್ದರು. "ಹುಳಕ್ಕಿರೋ ನೆನಪು ನನಗಿಲ್ಲ, ಅದಕ್ಕೇ ನಾನದರ ಆಳು" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಇಡೀ ದಿನ ಉಪ್ಪುನೀರಿನಲ್ಲಿ ನೆನೆದು ಅವರ ಬೆರಳು ಒಣದ್ರಾಕ್ಷಿಯಾಗಿದ್ದವು. ನೀರು ಮುಟ್ಟದೆ ಕೂತು ಸಾಮಾನು ಎಣಿಸುವ ಸ್ಟೋರಿನ ಒಣ ಕುರ್ಚಿಯೊಂದೇ ಅವರ ಬಾಳಿನ ಆಸೆ.

ಸಂಕಟ ಇದು. ಕಡಲ ಮೊಲವನ್ನು ಮೆಲ್ಲಗೆ ಮುಟ್ಟಿದರೆ ಅದು ಬೆನ್ನಿನ ಕಿವಿರನ್ನು ತಟ್ಟನೆ ಒಳಗೆಳೆದುಕೊಳ್ಳುತ್ತದೆ. ದಿನವೂ ಮುಟ್ಟುತ್ತಿದ್ದರೆ, ಇದರಿಂದ ಅಪಾಯವಿಲ್ಲ ಎಂದು ಕಲಿತು ಸುಮ್ಮನಿರುತ್ತದೆ. ಎಡಗಡೆಯದಕ್ಕೆ ಮೇಡಂ ಈ ಪಾಠ ಕಲಿಸಿದ್ದರು. ಬಲಗಡೆಯದು ಶುದ್ಧ ದಡ್ಡ. ಮಧ್ಯಾಹ್ನ ಬರುವ ಅತಿಥಿಗಳಿಗೆ ಎರಡರ ವ್ಯತ್ಯಾಸ ತೋರಿಸಬೇಕಿತ್ತು.

"ಅದಕ್ಕೇನಂತೆ, ಮುಟ್ಟಿ ನೋಡಿದರಾಯಿತು" ಎಂದುಕೊಂಡು ರಾಯರು ಒಂದನ್ನು ಮುಟ್ಟಿದರು. ಅದು ಅಲುಗಲಿಲ್ಲ. ಸಿಕ್ಕಿತು! ಖಾತ್ರಿಗೆಂದು ಇನ್ನೊಂದನ್ನು ಮುಟ್ಟಿದರು. ಅದೂ ಅಲುಗಲಿಲ್ಲ.

"ಏನ್ ರಾಯರೇ, ಬಕೆಟ್ಟಿನ ಮುಂದೆ ತಪಸ್ಸು?" ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ವಿಷಯ ಕೇಳಿದ್ದೇ ತೋಳು ಮಡಚಿದ. "ಗಂಡು ಯಾವುದು, ಹೆಣ್ಣು ಯಾವುದು ನೋಡಿ. ಮುಗೀತು!"

"ಎರಡೂ ಗಂಡು, ಎರಡೂ ಹೆಣ್ಣು ಕಣಯ್ಯಾ. ಒಂದೊಂದೂ ಎರಡೂ ಹೌದು."

"ಹಾಗಾದ್ರೆ ಇವುಕ್ಕೇ ತಾವು ಯಾರು ಅಂತ ಗೊತ್ತಿಲ್ಲ, ನಿಮಗೆಲ್ಲಿ ಗೊತ್ತಾಗ್ಬೇಕು?" ಎಂದು ಕಾವಲುಗಾರ ತಾನೂ ಎರಡನ್ನೂ ಮುಟ್ಟಿದ.

ಗಾಜಿನ ಸಾಮಾನು ತೊಳೆಯುವ ಅಕ್ಕ ಬಂದಳು. "ಗಂಡಸರ ಕೈ ಒರಟು ಅಣ್ಣಾ, ಬಿಡಿ" ಎಂದು ಅವಳೂ ಮುಟ್ಟಿದಳು. ಬಿಳಿ ಶರ್ಟಿನ ಲೆಕ್ಕದವರು ಬಂದು, ತೋಳು ಮೇಲೆತ್ತಿ, ಶಾಸ್ತ್ರೋಕ್ತವಾಗಿ ಮುಟ್ಟಿದರು. ಮೊಲಗಳು ಜಪ್ಪಯ್ಯ ಎನ್ನಲಿಲ್ಲ.

ಲೆಕ್ಕದವರ ಮುಖ ಇದ್ದಕ್ಕಿದ್ದಂತೆ ಕಪ್ಪಿಟ್ಟಿತು. "ರಾಯರೇ, ಅನಾಹುತ ಆಯ್ತು. ಬೆಳಿಗ್ಗೆಯಿಂದ ಎಲ್ಲ ಸೇರಿ ಮುಟ್ಟಿ ಮುಟ್ಟಿ, ದಡ್ಡ ಮೊಲಕ್ಕೂ ಪಾಠ ಕಲಿಸಿಬಿಟ್ವಲ್ರೀ!"

ರಾಯರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. ಜೀವಮಾನದಲ್ಲಿ ಒಬ್ಬರಿಗೂ ಏನನ್ನೂ ಕಲಿಸಲಾಗದ ತಾವು, ಕಲಿಸಲೇಬಾರದ ಒಂದು ಜೀವಕ್ಕೆ ಕಲಿಸಿದ್ದರು. ಕಡಲ ಮೊಲದ ನೆಂಟರಲ್ಲಿ ಒಂದು ಜಾತಿ ತಲೆಯನ್ನು ಉಳಿಸಿಕೊಂಡು ಮೈಯನ್ನೇ ಕಳಚಿ ಬಿಸಾಡಿ ಹೊಸ ಮೈ ಬೆಳೆಸಿಕೊಳ್ಳುತ್ತದಂತೆ. 'ನನಗೆ ಇದೇ ಹಳೇ ಮೈ ಸಾಕು, ತಲೆಯೊಂದು ಹೊಸದು ಬೆಳೆದಿದ್ದರೆ' ಎಂದು ಹಲುಬಿದರು.

"ಹೊಟ್ಟೆ ಕೆಳಗೆ ಏನಾದ್ರೂ ಗುರುತಿರ್ಬೇಕು" ಎಂದ ಕಾವಲುಗಾರ, ಯಾರೂ ತಡೆಯುವ ಮೊದಲೇ ಒಂದನ್ನು ನೀರಿನಿಂದ ಎತ್ತಿಬಿಟ್ಟ.

ಹೆದರಿದ ಕಡಲ ಮೊಲ ಸುಮ್ಮನಿರುವುದಿಲ್ಲ. ಭಳಕ್ಕೆಂದು ನೇರಳೆ ಶಾಯಿ ಚೆಲ್ಲಿತು. ಲೆಕ್ಕದವರ ಬಿಳಿ ಶರ್ಟು ಆ ಕ್ಷಣದಿಂದ ಬಿಳಿ ಶರ್ಟಾಗಿ ಉಳಿಯಲಿಲ್ಲ. ಕಾವಲುಗಾರ ಕಿರುಚಿ ಮೊಲವನ್ನು ಬಕೆಟ್ಟಿಗೆ ಬಿಟ್ಟ. ನೀರೆಲ್ಲ ನೇರಳೆಯಾಯಿತು. ರಾಯರು ಎರಡನ್ನೂ ಎತ್ತಿ ಹೊಸ ನೀರಿಗೆ ಬಿಟ್ಟು ಬೆರಳು ತಾಗಿಸಿದರೆ, ಎರಡೂ ಒಟ್ಟಿಗೆ ಮುದುಡಿಕೊಂಡವು.

"ಕಲಿತಿದ್ದೂ ಹೋಯ್ತು!" ಎಂದಳು ಅಕ್ಕ.

"ಯಾವುದಾದ್ರೂ ಒಂದನ್ನ ಎಡಗಡೆ ಬಿಡಿ, ಬಾಯಿ ಮುಚ್ಚಿಕೊಂಡಿರಿ" ಎಂದು ಶರ್ಟು ಹಿಂಡುತ್ತ ಲೆಕ್ಕದವರು ಬುದ್ಧಿ ಹೇಳಿದರು. "ಮೊಲ ಅಲ್ವೇ, ಏನೋ ಮೂಡ್ ಸರಿಯಿಲ್ಲ ಅಂದ್ಕೋತಾರೆ."

ರಾಯರು ಹಾಗೇ ಮಾಡಿದರು. ಆದರೆ ಅಷ್ಟರಲ್ಲಿ ಮೇಡಂ ಒಳಗೆ ಬಂದರು. ಎಲ್ಲರೂ ಆಡಿಕೊಂಡು ನಗುವಾಗ 'ಅವರ ಕೈಯಲ್ಲಿ ಒಂದು ಪ್ರಾಣಿಯೂ ಸತ್ತಿಲ್ಲ' ಎಂದು ತಮ್ಮ ಪರ ನಿಂತಿದ್ದವರು ಇವರೊಬ್ಬರೇ. ಇಂಥವರನ್ನು ಅತಿಥಿಗಳ ಮುಂದೆ ನಗೆಪಾಟಲು ಮಾಡುವುದೆ? ಕುರ್ಚಿ ಹೋದರೆ ಹೋಗಲಿ ಎಂದು ರಾಯರು ಬಾಯಿ ಬಿಟ್ಟರು. ಬಕೆಟ್ಟು, ಫೋನು, ಯಾರ ನಂತರ ಯಾರು ಮುಟ್ಟಿದರು, ಯಾರು ಎತ್ತಿದರು, ಯಾರ ಶರ್ಟು ಹಾಳಾಯಿತು, ಒಂದನ್ನೂ ಬಿಡದೆ ಹೇಳಿದರು. ಬಾಗಿಲ ಸಂದಿಯಲ್ಲಿ ಮೂವರೂ ಹಲ್ಲು ಕಡಿಯುತ್ತಿದ್ದರು.

ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ ರಾಯರೇ! ಬಲಗಡೆಯದಕ್ಕೂ ಪಾಠ ಕಲಿಸಿ ವಾರವಾಯ್ತು, ಈಗ ಎರಡೂ ಕಲಿತವೇ. ಇವತ್ತು ತೋರಿಸೋ ಜೋಡಿ ನನ್ನ ಕೋಣೆಯಲ್ಲಿದೆ. ನಿಮಗೆ ಹೇಳೋದನ್ನೇ ಮರೆತುಬಿಟ್ಟೆ."

ನೆನಪಿನ ಶಕ್ತಿಯ ಮೇಲೆ ದಪ್ಪ ದಪ್ಪ ಪುಸ್ತಕ ಬರೆದ ಮಹಾತಾಯಿ! ರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಇದೇ ಸುಸಮಯವೆಂದು ಕೈ ಹೊಸೆದರು. "ಮೇಡಂ, ಸ್ಟೋರಿನ ಕುರ್ಚಿ..."

"ಹೌದು, ಅದಕ್ಕೆ ನಿಮ್ಮನ್ನೇ ಕಳಿಸೋಣ ಅಂತ ಬೆಳಿಗ್ಗೆವರೆಗೂ ಅಂದ್ಕೊಂಡಿದ್ದೆ" ಎಂದರು ಮೇಡಂ. "ಆದ್ರೆ ಈಗ ಒಪ್ಪಿಸಿದ್ರಲ್ಲ, ಎಷ್ಟು ಚೆನ್ನಾಗಿ ನೆನಪಿಟ್ಟಿದೀರ! ಒಂದು ಸುಳ್ಳಿಲ್ಲ, ಒಂದೂ ಬಿಟ್ಟಿಲ್ಲ. ಇಂಥವರನ್ನ ಸ್ಟೋರಿಗೆ ಕಳಿಸಿ ನಾನೇನು ಮಾಡ್ಲಿ? ನಾನು ನಿವೃತ್ತಿ ಆಗೋವರೆಗೂ ನೀವು ಈ ತೊಟ್ಟಿ ಬಿಟ್ಟು ಕದಲೋ ಹಾಗಿಲ್ಲ."

"ಮತ್ತೆ ಆ ಕುರ್ಚಿ?" ರಾಯರ ಸ್ವರ ಬಾವಿಯೊಳಗಿಂದ ಬಂದಂತಿತ್ತು.

ಮೇಡಂ ಬಾಗಿಲ ಕಡೆ ನೋಡಿದರು. "ಆ ಕಾವಲುಗಾರನನ್ನ ನಾಳೆಯಿಂದ ಅಲ್ಲಿ ಕೂರಿಸ್ತೀನಿ. ಅವನ ಕೈ ನನ್ನ ಮೊಲಗಳಿಂದ ಆದಷ್ಟು ದೂರ ಇರ್ಲಿ."