ನೆಲದಿಂದ ಏಳುವ ವಿದ್ಯೆ

ನಗುವಂಥ ಪ್ರಸಂಗಗಳು ಬೇರೆಯವರಿಗೆ ಬಸ್ಸಿನಲ್ಲೋ ಕಚೇರಿಯಲ್ಲೋ ಎದುರಾಗುತ್ತವೆ. ನನಗೆ ಮಾತ್ರ ಕೂತಲ್ಲಿಂದ ಏಳುವಾಗಲೇ ಗಂಟುಬೀಳುತ್ತವೆ. ಶಹಾಪುರದ ಮಾರ್ಕೆಟ್ಟಿನಲ್ಲಿ ಭತ್ತದ ಚೀಲಗಳ ತೂಕ ನೋಡಿ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷವಾಯಿತು. ಎತ್ತುವವರು ಹಮಾಲರು, ಕುರ್ಚಿಯಲ್ಲಿ ಕೂತು ಬರೆಯುವವನು ನಾನು. ಕೂತು ಕೂತು ನನ್ನನ್ನು ನಾನೇ ಎತ್ತುವುದು ಮರೆತುಹೋಗಿತ್ತು.

ಪಂಕ್ತಿಯಲ್ಲಿ ಉಳಿದವನು

ಹೆಂಡತಿಯ ಜೊತೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದೆ. ಪ್ರಸಾದಕ್ಕೆ ನೆಲದ ಮೇಲೆ ಸಾಲಾಗಿ ಕೂತೆವು. ಗೋಧಿ ಹುಗ್ಗಿ, ಅನ್ನ, ಸಾರು, ಎಲ್ಲ ಸಾಂಗವಾಗಿ ನಡೆಯಿತು. ಊಟ ಮುಗಿಸಿ ಎಲ್ಲರೂ ಎದ್ದರು, ನಾನೊಬ್ಬ ಏಳಲಿಲ್ಲ. ಮನಸ್ಸು ಎದ್ದಿತ್ತು, ತೊಡೆ ಒಪ್ಪಲಿಲ್ಲ. ಊರಿ ಏಳೋಣವೆಂದರೆ ಬಲಗೈ ಎಂಜಲು, ಎಡಗೈಯೊಂದಕ್ಕೆ ಆ ಭಾರ ಆಗದು. ಮುಂದಿನ ಪಂಕ್ತಿಯವರು ಬಂದು ನನ್ನ ತಲೆಯ ಮೇಲೆ ನಿಂತರು. ಕಡೆಗೆ ಬಡಿಸುವವರಿಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ನನ್ನ ಪಕ್ಕದಲ್ಲೇ ಉಂಡು, ಕೈ ಊರದೆ ಎದ್ದು ನಿಂತಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಮರುಗಿ ಹೇಳಿದರು:

"ಹಗೂರ ಎಬ್ಬಿಸ್ರೆಪ. ಪಾಪ, ಅಜ್ಜಗ ವಯಸ್ಸಾಗ್ಯಾದ."

ನನಗಾಗ ಐವತ್ತೆರಡು.

ಖಾಲಿ ಚೀಲ

ಮರುದಿನವೇ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲಿದ್ದ ಜಿಮ್ಮಿಗೆ ಹೋದೆ. ಕಲಿಸುವ ತರುಣ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಏನಾಗಬೇಕು ಚಾಚಾ?" ಎಂದ.

"ಅದೇ ಮಠದಾಗ, ಅದೇ ಪಂಕ್ತ್ಯಾಗ ಕೂತು, ಕೈ ಊರಲಾರ್ದ ಏಳಬೇಕಪ. ಅಷ್ಟೇ."

"ಹಂಗಾದ್ರ ರಾಡ್ ಹೆಗಲ ಮ್ಯಾಲ ಇಟ್ಟು ಬಸ್ಕಿ ಹೊಡೀರಿ. ಐದು ಸಲಕ್ಕ ಒಂದು ಸೆಟ್. ಐದು ಆಗೋತನಾ ಬಿಡಂಗಿಲ್ಲ ನೋಡ್ರಿ."

ಪ್ಲೇಟ್ ಹಾಕದ ಬೋಳು ಕಬ್ಬಿಣದ ರಾಡು. ಇದೇನು ಮಹಾ ಎಂದು ಹೆಗಲಿಗೇರಿಸಿದೆ. ಮೂರನೇ ಬಸ್ಕಿಗೆ ಕುಲದೇವರು ನೆನಪಾದ, ಐದನೆಯದಕ್ಕೆ ಕಣ್ಣೆದುರು ಬಂದು ನಿಂತ.

"ಶಾಬಾಸ್ ಚಾಚಾ! ಇಪ್ಪತ್ತು ಕಿಲೋ!"

"ಎಲ್ಲಿ ಇಪ್ಪತ್ತು? ಪ್ಲೇಟೇ ಹಾಕಿಲ್ಲಲ್ಲ."

"ರಾಡೇ ಇಪ್ಪತ್ತು ಅದರಿ."

"ನಡಿಯಂಗಿಲ್ಲ. ಖಾಲಿ ಚೀಲದ ತೂಕ ಕಳದೇ ಬರೀಬೇಕು. ಇಷ್ಟು ವರ್ಷ ಹಂಗೇ ಬರದೀನಿ."

ಆ ಪ್ರಕಾರ ಮೊದಲ ದಿನ ನಾನು ಎತ್ತಿದ್ದು ಸೊನ್ನೆ. ಆ ಸೊನ್ನೆ ಹೊತ್ತ ಮೇಲೆ ಮಹಡಿಯ ಮೆಟ್ಟಿಲಿಳಿಯಲು ನನಗೆ ಇಬ್ಬರು ಬೇಕಾದರು.

ಎಲ್ಲಿ ಇಳಿಸಬೇಕು?

ಮೂರು ತಿಂಗಳಾಗಿತ್ತು. ರಾಡಿನ ತೂಕವೂ ಸೇರಿ ನಲವತ್ತು ಕಿಲೋಗೆ ಬಂದಿದ್ದೆ. ಒಂದು ಬೆಳಿಗ್ಗೆ ನಮ್ಮ ಮಾರ್ಕೆಟ್ಟಿನ ಹಿರಿಯ ಹಮಾಲ, ನನ್ನ ಹತ್ತಿರವಿದ್ದ ತೂಕದ ಕೋಣೆಯ ಬೀಗದ ಕೈ ಒಯ್ಯಲು ಜಿಮ್ಮಿಗೇ ಬಂದ. ಒಣಕಲು ಆಳು, ಹೆಗಲ ಮೇಲೊಂದು ಟವೆಲ್ಲು. ಸ್ಟ್ಯಾಂಡಿನ ಮೇಲೆ ಕಲಿಸುವವನು ತನಗಾಗಿ ಪ್ಲೇಟ್ ಏರಿಸಿಟ್ಟಿದ್ದ ರಾಡನ್ನು ನೋಡಿ, "ಇದೆಷ್ಟರಿ?" ಎಂದ.

"ನೂರು ಕಿಲೋ."

ಹಮಾಲ ಚಪ್ಪಲಿ ಬಿಟ್ಟ. ಟವೆಲ್ಲನ್ನು ಕುತ್ತಿಗೆಯ ಹಿಂದೆ ಮಡಿಚಿಟ್ಟ. ರಾಡಿನ ಕೆಳಗೆ ನುಸುಳಿ ಎತ್ತಿದವನೇ ಬಸ್ಕಿ ಹೊಡೆಯಲಿಲ್ಲ, ನಡೆಯಲು ಶುರು ಮಾಡಿದ! ನಾವೆಲ್ಲ ಕನ್ನಡಿಗೆ ಬೆನ್ನು ಹಚ್ಚಿ ದಾರಿ ಬಿಟ್ಟೆವು. ಒಂದು ಸುತ್ತು ಮುಗಿಸಿ ಬಾಗಿಲ ಹತ್ತಿರ ನಿಂತು, ಉಸಿರೂ ಏರದೆ ಕೇಳಿದ:

"ಎಲ್ಲಿ ಇಳಸ್ಬೇಕ್ರಿ?"

"ಎತ್ತಿದ್ದಲ್ಲೇ ಇಡ್ರಿ ಮಾಮಾ!" ಎಂದು ಕಲಿಸುವವನು ಕೂಗಿಕೊಂಡ.

ನನಗೆ ಮೈ ಜುಮ್ಮೆಂದಿತು. ಇವನ ಬೆನ್ನ ಮೇಲಿನ ಚೀಲಗಳ ತೂಕವನ್ನು ಇಷ್ಟು ವರ್ಷ ಬರೆದವನು ನಾನೇ. ಆದರೆ ಬರೆದದ್ದು ಎಷ್ಟು ಭಾರ ಎಂದು ಗೊತ್ತಾದದ್ದು ನಾನೂ ನಲವತ್ತು ಹೊತ್ತ ಮೇಲೆ. ಅವನು ಮಾತ್ರ ಆ ನೂರರ ಕೆಳಗೆ ನಿಂತು ನಿಧಾನವಾಗಿ ವಿಚಾರ ಮಾಡುತ್ತಿದ್ದ.

"ಎತ್ತಿದ್ದಲ್ಲೇ ಇಡೋದಿದ್ರ ಎತ್ತಿದ್ಯಾಕ್ರಿ?"



ಬಾವು

ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ಹುರುಪಿನಲ್ಲಿ, ಸ್ನಾನ ಮಾಡುವಾಗ ನಾನೇ ಬೆರಗಾಗಿ ನೋಡಿಕೊಂಡಿದ್ದ ನನ್ನ ತೊಡೆಯ ಹೊಸ ಉಬ್ಬನ್ನು ಅವಳಿಗೂ ತೋರಿಸಿದೆ. ಅವಳು ಬೆರಳಿನಿಂದ ಒತ್ತಿ ನೋಡಿ ಗಂಭೀರಳಾದಳು.

"ಬಾವು ಬಂದದಲ್ರಿ. ಅರಿಶಿಣ ಹಚ್ಚಲೇನು?"

ಒಂದು ಸೆಟ್

ಆರನೇ ತಿಂಗಳು ಮತ್ತೆ ಮಠಕ್ಕೆ ಹೋದೆವು. ಸಾಕ್ಷಿಗಿರಲಿ ಎಂದು ಹಮಾಲನನ್ನೂ ಕರೆದುಕೊಂಡೆ. ಅವನು ನನ್ನ ಪಕ್ಕ ಕೂತ, ಹೆಂಡತಿ ಎದುರಿನ ಹೆಂಗಸರ ಸಾಲಿನಲ್ಲಿ. ಊಟ ಮುಗಿಯಿತು. ಎರಡೂ ಕೈ ಎದೆಗೆ ಕಟ್ಟಿದೆ, ಉಸಿರು ಹಿಡಿದೆ, ಎದ್ದೆ!

ಕೈ ಊರಲಿಲ್ಲ. ಯಾರೂ ಹಿಡಿಯಲಿಲ್ಲ. ನನ್ನ ಕಾಲ ಮೇಲೆ ನಾನು ನಿಂತಿದ್ದೆ. ನಂಬಲಿಕ್ಕೇ ಆಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಐದು ಆಗುವತನಕ ಬಿಡಬಾರದೆಂಬ ಪಾಠ ನೆನಪಾಯಿತು. ಮತ್ತೆ ಕೂತೆ. ಇನ್ನೂ ಬೇಕೇನೋ ಎಂದುಕೊಂಡ ಬಡಿಸುವವರು ತಾಟಿಗೆ ಒಂದು ಸೌಟು ಹುಗ್ಗಿ ಹಾಕಿದರು. ಎದ್ದೆ, ಕೂತೆ. ಇನ್ನೊಂದು ಸೌಟು.

"ನಾಚಬ್ಯಾಡ್ರಿ ಅಣ್ಣಾರ, ಕುಂತು ಉಣ್ರಿ!"

ಐದು ಮುಗಿಯುವಷ್ಟರಲ್ಲಿ ತಾಟಿನಲ್ಲಿ ನಾಲ್ಕು ಸೌಟು ಹುಗ್ಗಿ, ಮೇಲೆ ತುಪ್ಪ. ಪ್ರಸಾದ ಬಿಡುವಂತಿಲ್ಲ. ಕೂತು ಅಷ್ಟನ್ನೂ ಉಂಡೆ.

ಆಮೇಲೆ ಎಡಗೈ ಊರಿ ನೋಡಿದೆ. ಎಂಜಲೆನ್ನದೆ ಬಲಗೈಯನ್ನೂ ಊರಿ ನೋಡಿದೆ. ಮುಂದಿನ ಪಂಕ್ತಿಯವರು ಬಂದು ತಲೆಯ ಮೇಲೆ ನಿಂತರು. ಹಮಾಲ ನನಗೆ ಬೆನ್ನು ಕೊಟ್ಟು ಕುಕ್ಕರಿಸಿ, ನನ್ನ ಎರಡೂ ಕೈಗಳನ್ನು ಹೆಗಲ ಮೇಲೆಳೆದುಕೊಂಡು, ಚೀಲ ಹೊತ್ತಂತೆ ಹೊತ್ತು ಎದ್ದೇಬಿಟ್ಟ. ಸಾಲಿನ ನಡುವೆ ನಿಂತು ಕೇಳಿದ:

"ಎಲ್ಲಿ ಇಳಸ್ಬೇಕ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ನನ್ನ ಹೆಂಡತಿಯ ದನಿ ಬಂತು:

"ಎತ್ತಿದ್ದಲ್ಲೇ ಇಡಪ. ಜಿಮ್ಮಿನ ಪದ್ಧತಿ ಹಂಗೇ ಅದಂತ!"